ಆಸ್ಪತ್ರೆಯ ವಿಚಾರಣೆಯೂ ಮನೆಯವರ ಹಕ್ಕೂ

ಅರಸೀಕೆರೆಯೆಂದೊಡನೆ ನಮ್ಮ ವಾಚಕರಿಗೆ ರೈಲು ಜಂಕ್ಷನ್ನೂ, ತೆಂಗಿನ ತೋಟಗಳೂ, ಹೊಯ್ಸಳರ ಕಾಲದ ಈಶ್ವರ ದೇವಾಲಯವೂ ನೆನಪಿಗೆ ಬರುವುವು. ಆ ಕಾಲದವರು ತಾವಿತ್ತ ದತ್ತಿಯನ್ನು ಕಲ್ಲಿನಲ್ಲಿ ಕೊರೆಯಿಸಿ, ಹತ್ತು ಜನರ ಕಣ್ಣಿಗೆ ಬೀಳುವೆಡೆ ನಿಲ್ಲಿಸುತ್ತಿದ್ದರು. ಊರಿಗೆ ಸೇರಿದ ವಿಷಯವು ಊರಿಗೆಲ್ಲ ತಿಳಿದಿರಬೇಕೆಂಬುದು ಹಳೆಯ ನೀತಿ. ಹಾಗಾದರೆ ಊರಿನ ಹಣದಿಂದ ನಡೆಯುವ ಸರ್ಕಾರಿ ಆಸ್ಪತ್ರೆಯಲ್ಲಿ ಗುಟ್ಟೆಂಬುದು ಇರಬಹುದೆ?

ಈ ಪ್ರಶ್ನೆಯು ಬರಿಯ ಚರ್ಚೆಗಾಗಿ ಹುಟ್ಟಿದುದಲ್ಲ. ತಾಲೂಕಿನ ಹಳ್ಳಿಯೊಂದರಿಂದ ಹೆರಿಗೆಗೆ ಬಂದ ಹೆಣ್ಣುಮಗಳನ್ನು ಅವಸರದಿಂದ ಹಾಸನಕ್ಕೆ ಕಳುಹಿಸುತ್ತಾರೆ. ಆಕೆ ಮರಳಿ ಬರುವುದಿಲ್ಲ ಎಂದಿಟ್ಟುಕೊಳ್ಳೋಣ. ಕೂಸನ್ನು ಮಡಿಲಿಗೆ ಹಾಕಿಕೊಂಡ ಅಜ್ಜಿಯು, “ನನ್ನ ಮಗಳಿಗೆ ಏನಾಯಿತು?” ಎಂದು ಕೇಳಿದರೆ ಆಕೆಗೆ ಉತ್ತರ ಕೊಡುವವರಾರು?

ಬಾಣಂತಿಯ ಮರಣವೊಂದೊಂದನ್ನೂ ಪರಿಶೀಲಿಸಬೇಕೆಂದು ಭಾರತ ಸರ್ಕಾರವು 2010ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿ, 2017ರಲ್ಲಿ ಅದನ್ನು ಪರಿಷ್ಕರಿಸಿತು. ಆಸ್ಪತ್ರೆಯ ವೈದ್ಯರು ಮೊದಲು ತಮ್ಮತಮ್ಮಲ್ಲೇ ವಿಚಾರಿಸುತ್ತಾರೆ. ಬಳಿಕ ಆಯ್ದ ಪ್ರಕರಣಗಳು ಜಿಲ್ಲಾಧಿಕಾರಿಗಳ ಮುಂದೆ ಬರುತ್ತವೆ. ಮೃತಳ ಬಂಧುಗಳಿಬ್ಬರನ್ನು ಅಲ್ಲಿಗೆ ಕರೆಯಿಸಿ, ಅವರು ಕಂಡುದನ್ನು ಹೇಳಿಸುವುದೂ ಆ ಮಾರ್ಗಸೂಚಿಯಲ್ಲಿದೆ. ಅವರು ಹೊರಟ ಮೇಲೆ ಬಾಗಿಲು ಮುಚ್ಚಿ, ವೈದ್ಯರ ಮಾತು ನಡೆಯುತ್ತದೆ.

ಬಾಗಿಲೇಕೆ ಮುಚ್ಚಬೇಕು? ರಕ್ತ ದೊರೆಯಲು ತಡವಾಯಿತು, ರಕ್ತದೊತ್ತಡವನ್ನು ನೋಡಲು ಮರೆತೆವು ಎಂಬ ಮಾತನ್ನು ದಾದಿಯೊಬ್ಬಳು ನಿರ್ಭಯವಾಗಿ ನುಡಿದರಲ್ಲವೆ ಮುಂದಿನ ತಾಯಿ ಉಳಿಯುವುದು? ದಂಡನೆಯ ಹೆದರಿಕೆಯಿದ್ದೆಡೆಯಲ್ಲಿ ಸತ್ಯವು ಬಾಯಿ ಬಿಡುವುದಿಲ್ಲ. ಇಂಗ್ಲೆಂಡಿನಲ್ಲಿ 1952ರಿಂದಲೂ, ನೆರೆಯ ಕೇರಳದಲ್ಲಿ 2004ರಿಂದಲೂ ಇಂತಹ ಗೋಪ್ಯ ವಿಚಾರಣೆ ನಡೆದುಬಂದಿದೆ. ಅಲ್ಲಿ ಹೆಸರುಗಳನ್ನು ಮರೆಮಾಡಿ, ಕಲಿತ ಪಾಠಗಳನ್ನು ಮಾತ್ರ ಪುಸ್ತಕವಾಗಿ ಪ್ರಕಟಿಸುತ್ತಾರೆ. ಸರ್ಕಾರಿ ಸಮಿತಿಗಳ ಸಭೆ ಬಹಿರಂಗವಾಗಿರಬೇಕೆಂದು ಕಾನೂನು ಮಾಡಿರುವ ಅಮೆರಿಕದ ಸಂಸ್ಥಾನಗಳಲ್ಲಿಯೂ ವೈದ್ಯರ ಪರಸ್ಪರ ಪರಿಶೀಲನೆಗೆ ಸಾಮಾನ್ಯವಾಗಿ ಈ ರಕ್ಷಣೆಯುಂಟು.

ಆದರೆ ವಿಚಾರಣೆಯ ಕಾಗದ ಬೇರೆ, ಚಿಕಿತ್ಸೆಯ ಕಾಗದ ಬೇರೆ. ಈ ಭೇದವನ್ನು ನಮ್ಮ ವಾಚಕರು ಚೆನ್ನಾಗಿ ಮನಗಾಣಬೇಕು. ಕೊಟ್ಟ ಔಷಧ, ಮಾಡಿದ ಶಸ್ತ್ರಚಿಕಿತ್ಸೆ, ನೋಡಿದ ವೇಳೆ ಇವುಗಳ ದಾಖಲೆಯು ವೈದ್ಯರ ಗುಟ್ಟಲ್ಲ. ರೋಗಿಯಾಗಲಿ, ಆತನ ಪರವಾಗಿ ಅಧಿಕೃತರಾದವರಾಗಲಿ ಕೇಳಿದರೆ, ವೈದ್ಯರು ಅದನ್ನು 72 ಗಂಟೆಗಳೊಳಗೆ ಕೊಡಬೇಕೆಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮವು ವಿಧಿಸಿದೆ. ಇದಲ್ಲದೆ 2005ರ ಮಾಹಿತಿ ಹಕ್ಕಿನ ಕಾನೂನಿನಂತೆ, ಹತ್ತು ರೂಪಾಯಿಯ ಶುಲ್ಕದೊಡನೆ ಅರ್ಜಿ ಬರೆದರೆ 30 ದಿನಗಳಲ್ಲಿ ಉತ್ತರ ಬರಬೇಕು. ಖಾಸಗಿ ವಿಷಯವೆಂದು ಅಧಿಕಾರಿಗಳು ನಿರಾಕರಿಸಬಹುದಾದರೂ, ಸಾರ್ವಜನಿಕ ಹಿತವು ಮಿಗಿಲೆನಿಸಿದಲ್ಲಿ ಅದನ್ನು ಕೊಡಬಹುದೆಂಬ ಮಾತೂ ಅದೇ ಕಾನೂನಿನಲ್ಲಿದೆ.

ಬಾಗಿಲು ಮುಚ್ಚಿ ವಿಚಾರಿಸುವುದೆಂದರೆ ಫಲವನ್ನೂ ಮುಚ್ಚಿಡುವುದಲ್ಲ. 2024ರ ನವೆಂಬರಿನಲ್ಲಿ ಬಳ್ಳಾರಿಯ ಬಾಣಂತಿಯರ ಸಾವಿನಿಂದ ನಾಡೆಲ್ಲ ಮರುಗಿತು. ತರುವಾಯ ರಾಜ್ಯ ಸರ್ಕಾರವು ತಾಯಂದಿರ 464 ಮರಣಗಳನ್ನು ಪರಿಶೋಧಿಸಿ, ಅವುಗಳಲ್ಲಿ ನೂರಕ್ಕೆ 70ಕ್ಕೂ ಮಿಕ್ಕು ತಪ್ಪಿಸಬಹುದಾಗಿದ್ದುವೆಂಬ ತೀರ್ಮಾನವನ್ನು 2025ರಲ್ಲಿ ಬಹಿರಂಗಪಡಿಸಿತು. ಯಾರೊಬ್ಬ ತಾಯಿಯ ಹೆಸರನ್ನೂ ಬೀದಿಗೆ ತಾರದೆಯೇ ಈ ಕಟು ಸತ್ಯವನ್ನು ಹೇಳಬಹುದಾಯಿತಲ್ಲವೆ?

ಮನೆಯವರಲ್ಲಿ ನಮ್ಮದೊಂದು ಬಿನ್ನಹ. ಗರ್ಭಿಣಿಯ ತಾಯಿ ಕಾರ್ಡನ್ನು ಜೋಪಾನವಾಗಿಡಿರಿ. ಆಸ್ಪತ್ರೆಗೆ ಸೇರಿಸಿದ ವೇಳೆ, ಬೇರೆಡೆಗೆ ಕಳುಹಿಸಿದ ವೇಳೆ ಇವನ್ನು ಒಂದು ಚೀಟಿಯಲ್ಲಿ ಬರೆದಿಡಿರಿ. ವಿಧಿವಶಾತ್ ಕೇಡೊದಗಿ ವಿಚಾರಣೆಗೆ ಕರೆ ಬಂದರೆ ಹಿಂಜರಿಯದೆ ಹೋಗಿ, ಕಂಡುದನ್ನು ಕಂಡಂತೆ ಹೇಳಿರಿ. ವೈದ್ಯರು ನಿರ್ಭಯವಾಗಿ ನುಡಿಯಲು ಒಂದು ಕೊಠಡಿ ಬೇಕು; ಅಜ್ಜಿಯ ಪ್ರಶ್ನೆಗೆ ಒಂದು ಉತ್ತರವೂ ಬೇಕು. ಇವೆರಡನ್ನೂ ಸಲ್ಲಿಸುವ ಆಸ್ಪತ್ರೆಯೇ ಜನರ ಆಸ್ಪತ್ರೆಯೆನಿಸುವುದೆಂದು ನಾವು ನಂಬಿದ್ದೇವೆ.