ರಕ್ತಕ್ಕೆ ಹೊರಿಸಿದ ಅಪರಾಧ

ಅಹಮದಾಬಾದಿನ ಛಾರಾನಗರವು ತಾನಾಗಿ ಬೆಳೆದ ಊರಲ್ಲ. ಬ್ರಿಟಿಷ್ ಆಡಳಿತವು ಛಾರಾ ಜನರನ್ನು ಕೂಡಿಹಾಕಿದ್ದ ವಸತಿ. ಅದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಹುಬ್ಬಳ್ಳಿ, ಗದಗಗಳಲ್ಲಿಯೂ ಇಂತಹವು ಇದ್ದವು. 'ಸೆಟ್ಲಮೆಂಟ್' ಎಂಬ ಹೆಸರು ಅಲ್ಲಿ ಇಂದಿಗೂ ಉಳಿದಿದೆ. ಮನುಷ್ಯನು ಹುಟ್ಟಿನಿಂದಲೇ ಅಪರಾಧಿಯಾಗಬಲ್ಲನೆಂಬ ನಂಬಿಕೆ ಹಳೆಯದು. ಅದಕ್ಕೆ ವಿಜ್ಞಾನದ ಮುದ್ರೆ ಬಿದ್ದದ್ದು ಯುರೋಪಿನ ಮನೋವೈದ್ಯರಿಂದ.

ಫ್ರಾನ್ಸಿನ ಮನೋವೈದ್ಯ ಬೆನೆಡಿಕ್ಟ್ ಮೊರೆಲ್ 1857ರಲ್ಲಿ ವಂಶಾವನತಿಯ ಸಿದ್ಧಾಂತವನ್ನು ಮಂಡಿಸಿದನು. ಒಂದು ತಲೆಮಾರಿನಲ್ಲಿ ನರಗಳ ಚಂಚಲತೆಯಾಗಿ ತೋರಿದ ದೋಷವು ಮುಂದೆ ಉನ್ಮಾದವಾಗಿ, ಬುದ್ಧಿಮಾಂದ್ಯವಾಗಿ, ಕೊನೆಗೆ ಸಂತಾನಹೀನತೆಯಿಂದ ಕುಲವೇ ಅಳಿಯುವುದೆಂಬುದು ಅದರ ಸಾರ. ಆದರೆ ದೋಷದ ಮೂಲವನ್ನು ಮೊರೆಲ್ ಕುಡಿತ, ಕಲುಷಿತ ಆಹಾರ, ಬಡತನಗಳಲ್ಲಿಯೂ ಕಂಡಿದ್ದನೆಂಬುದನ್ನು ಮರೆಯಲಾಗದು. ಸಿದ್ಧಾಂತವು ಗಡಿ ದಾಟಿದಂತೆ ಪರಿಸರದ ಮಾತು ಹಿಂದೆ ಸರಿದು ರಕ್ತದ ಮಾತು ಮುಂದೆ ಬಂದಿತು. ಇಂಗ್ಲೆಂಡಿನಲ್ಲಿ ಹೆನ್ರಿ ಮಾಡ್ಸ್‌ಲಿ ಅದನ್ನು ಬೆಳೆಸಿದನು. ಇಟಲಿಯ ಲೊಂಬ್ರೊಸೊ 1876ರ ತನ್ನ ಗ್ರಂಥದಲ್ಲಿ ತಲೆಬುರುಡೆಯಲ್ಲಿಯೇ ಅಪರಾಧದ ಗುರುತನ್ನು ಅರಸಿದನು. 1892ರಲ್ಲಿ ಮ್ಯಾಕ್ಸ್ ನೋರ್ಡೌ ಲೇಖಕರನ್ನೂ ಕಲಾವಿದರನ್ನೂ ಅವನತರ ಸಾಲಿಗೆ ಸೇರಿಸಿದನು, ಸಾಹಿತ್ಯವೂ ರೋಗಲಕ್ಷಣವಾಯಿತು!

ಈ ಸಿದ್ಧಾಂತವೇ ಹಡಗಿನಿಂದಿಳಿದು ಭಾರತದಲ್ಲಿ ಕಾಯ್ದೆಯಾಯಿತೆಂದರೆ ಕಾಲಗಣನೆ ಒಪ್ಪದು. ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಂದದ್ದು 1871ರಲ್ಲಿ, ಲೊಂಬ್ರೊಸೊನ ಗ್ರಂಥಕ್ಕಿಂತ ಐದು ವರ್ಷ ಮೊದಲು. ಅದರ ಸಮರ್ಥಕರು ಆಶ್ರಯಿಸಿದ್ದು ಮೆದುಳನ್ನಲ್ಲ, ಜಾತಿಯನ್ನು: ಬಡಗಿಯ ಮಗ ಬಡಗಿಯಾಗುವಂತೆ ಕಳ್ಳನ ಮಗ ಕಳ್ಳನಾಗುವನೆಂಬ ತರ್ಕವನ್ನು. ವೈದ್ಯರು ಪ್ರಯಾಸದಿಂದ ಸಾಧಿಸಹೊರಟದ್ದನ್ನು ಇಲ್ಲಿ ಜಾತಿವ್ಯವಸ್ಥೆಯು ಸಿದ್ಧರೂಪದಲ್ಲಿಯೇ ಒದಗಿಸಿತ್ತು. ಒಂದು ಸಮುದಾಯವನ್ನು ಅಪರಾಧಿಯೆಂದು ಸರ್ಕಾರ ಸಾರಿದರೆ ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿರಲಿಲ್ಲ. 1897ರ ತಿದ್ದುಪಡಿಯಂತೂ ನಾಲ್ಕು ವರ್ಷದ ಮಕ್ಕಳನ್ನೂ ಹೆತ್ತವರಿಂದ ಬೇರ್ಪಡಿಸಿ ಸುಧಾರಣಾ ವಸತಿಗಳಲ್ಲಿಡಲು ಅವಕಾಶ ನೀಡಿತು. ದೋಷ ರಕ್ತದಲ್ಲಿಯೇ ಇದ್ದರೆ ಬೇರ್ಪಡಿಸಿ ಫಲವೇನು? ಬೇರ್ಪಡಿಸಿದರೆ ನೀಗುವುದಾದರೆ ಅದು ರಕ್ತದ ದೋಷ ಹೇಗಾದೀತು? ಕಾಯ್ದೆ ಈ ವಿರೋಧವನ್ನು ಗಮನಿಸಲೇ ಇಲ್ಲ. 1911ರಲ್ಲಿ ಅದು ಬ್ರಿಟಿಷ್ ಭಾರತಕ್ಕೆಲ್ಲ ವ್ಯಾಪಿಸಿತು.

1952ರಲ್ಲಿ ಕಾಯ್ದೆ ರದ್ದಾಯಿತು. ಆದರೆ ರಾಜ್ಯಗಳಲ್ಲಿ ರೂಢಿಗತ ಅಪರಾಧಿಗಳ ಕಾಯ್ದೆಗಳು ಬಂದವು. ಪೊಲೀಸರ ಸಂಶಯವೂ ಉಳಿಯಿತು. 1998ರಲ್ಲಿ ವಡೋದರೆಯ ಗಣೇಶ ದೇವಿಯವರು ಮಹಾಶ್ವೇತಾ ದೇವಿ, ಲಕ್ಷ್ಮಣ ಗಾಯಕವಾಡರೊಡನೆ ಈ ಸಮುದಾಯಗಳ ಹಕ್ಕಿಗಾಗಿ ಸಂಘಟನೆ ಕಟ್ಟಿದರು. ಅದೇ ವರ್ಷ ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ ಬುಧನ್ ಶಬರ ಬಂಧನದಲ್ಲಿದ್ದಾಗ ಮಡಿದನು. ಆ ದೂರದ ಶಬರನ ಸಾವನ್ನು ಛಾರಾನಗರದ ಯುವಕರು ತಮ್ಮದೇ ಕಥೆಯೆಂಬಂತೆ ರಂಗಕ್ಕೆ ತಂದರು. ಅವರ ತಂಡ ಬುಧನ್ ಥಿಯೇಟರ್ ಎಂದೇ ಹೆಸರಾಯಿತು.