ದೇಹದ ಲಿಂಗ, ಮನದ ಅರಿವು, ಮನೆಯ ಪಾಲು

ಪ್ರಶ್ನೆ: ಹೆಣ್ಣು ಗಂಡೆಂಬ ಭೇದ ಹುಟ್ಟಿನಿಂದಲೇ ಬಂದಿರುವಾಗ, ಆರೋಗ್ಯದ ವಿಚಾರದಲ್ಲಿ ಲಿಂಗ, ಲಿಂಗ ಅಸ್ಮಿತೆ, ಲಿಂಗಪಾತ್ರ ಎಂಬ ವಿಂಗಡಣೆಯೇಕೆ?
– ಓದುಗರೊಬ್ಬರು, ಹಿರೇಕೆರೂರು

ಉತ್ತರ: ವರ್ಣತಂತು, ಹಾರ್ಮೋನು, ಜನನಾಂಗ ಇವು ದೇಹದ ಲಿಂಗಕ್ಕೆ ಸೇರಿದವು, ಡೆಸಿಲೀಟರ್ ರಕ್ತದಲ್ಲಿ ಹಿಮೋಗ್ಲೋಬಿನ್ ಪುರುಷನಿಗೆ 13, ಗರ್ಭಿಣಿಯಲ್ಲದ ಸ್ತ್ರೀಗೆ 12 ಗ್ರಾಮಿಗಿಂತ ಕಡಿಮೆಯಾದರೆ ರಕ್ತಹೀನತೆಯೆಂದು ಗಣಿಸುವುದು ಈ ಭೇದವನ್ನು ಅನುಸರಿಸಿಯೇ. ಆದರೆ ಹಾನಗಲ್ಲಿನ ಭತ್ತದ ಗದ್ದೆಯಲ್ಲಿ ದಿನವೆಲ್ಲ ನಡುಬಗ್ಗಿಸಿ ದುಡಿದು, ಮನೆಗೆ ಬಂದು ಕಟ್ಟಿಗೆಯ ಒಲೆಯ ಹೊಗೆಯನ್ನು ನುಂಗಿ, ಎಲ್ಲರ ಊಟವಾದ ಮೇಲೆ ಬುಟ್ಟಿಯ ತಳದಲ್ಲುಳಿದ ರೊಟ್ಟಿಯನ್ನು ಉಣ್ಣುವವಳ ಕೆಮ್ಮಿಗೂ ನಿಶ್ಶಕ್ತಿಗೂ ಕಾರಣವು ಅವಳ ಅಂಗರಚನೆಯಲ್ಲ, ಸಮಾಜವು ಅವಳಿಗೆ ವಹಿಸಿದ ಪಾತ್ರ. ಸಂತಾನಶಕ್ತಿಹರಣ ಚಿಕಿತ್ಸೆಯು ಪುರುಷನಿಗೇ ಹೆಚ್ಚು ಸುಲಭವೂ ನಿರಪಾಯವೂ ಆಗಿದ್ದರೂ, 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಪುರುಷನ ಚಿಕಿತ್ಸೆಯನ್ನು ನೆಚ್ಚಿದ ದಂಪತಿಗಳು ಶೇ. 0.3, ಸ್ತ್ರೀಯ ಶಸ್ತ್ರಚಿಕಿತ್ಸೆಯನ್ನು ನೆಚ್ಚಿದವರು ಸುಮಾರು ಶೇ. 38, ಗಂಡಸರ ಶೌರ್ಯವನ್ನು ಇಲ್ಲಿ ಹೊಗಳುವುದು ಕಷ್ಟ.

ಅಸ್ಮಿತೆಯೆಂದರೆ ತಾನು ಯಾರೆಂದು ಅಂತರಂಗವು ಅರಿತದ್ದು. ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ, ಸವದತ್ತಿಯ ಎಲ್ಲಮ್ಮನ ಜೋಗಪ್ಪಂದಿರನ್ನು ಬಲ್ಲ ಸವಣೂರು, ಶಿಗ್ಗಾಂವಿಯ ಸೀಮೆಗೆ ಇದು ಅಪರಿಚಿತವಲ್ಲ. ಅಂಥವರಲ್ಲೊಬ್ಬರಾದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಆದರೂ ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಯಲ್ಲಿ ‘ಗಂಡಸರ ಸಾಲೋ, ಹೆಂಗಸರ ಸಾಲೋ’ ಎಂಬ ಪ್ರಶ್ನೆಗೇ ಅಂಜಿ, ಜ್ವರವನ್ನು ಮೈಯಲ್ಲಿಟ್ಟುಕೊಂಡೇ ಹಿಂದಿರುಗುವವರುಂಟು. ಹೆಣ್ಣಾಗಿ ಬಾಳುವ ಇಂಥವರಲ್ಲಿ ಲಿಂಗ ಬದಲಾವಣೆಯ ಶಸ್ತ್ರಚಿಕಿತ್ಸೆಯ ತರುವಾಯವೂ ಪ್ರಾಸ್ಟೇಟ್ ಗ್ರಂಥಿ ಸಾಮಾನ್ಯವಾಗಿ ಉಳಿದಿರುವುದರಿಂದ, ವಯಸ್ಸಾದ ಮೇಲೆ ಮೂತ್ರಕ್ಕೆ ತಡೆಯುಂಟಾದಲ್ಲಿ ವೈದ್ಯನು ಅವರನ್ನು ಅಮ್ಮನೆಂದೇ ಮಾತನಾಡಿಸುತ್ತ ಆ ಗ್ರಂಥಿಯನ್ನೂ ಪರೀಕ್ಷಿಸತಕ್ಕದ್ದು.