ಹೊಲಿಗೆಯ ಗಾಯ ಮತ್ತು ಮನೆಯ ಆರೈಕೆ

ವೈದ್ಯಶಾಸ್ತ್ರದ ವಿಷಯವನ್ನು ಇತಿಹಾಸದ ವಿದ್ಯಾರ್ಥಿಯೊಬ್ಬನು ಬರೆಯಹೊರಟುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಕಳೆದ ಬೇಸಗೆಯಲ್ಲಿ ನಮ್ಮ ತಂದೆಯವರಿಗೆ ಹರ್ನಿಯಾ ಶಸ್ತ್ರಚಿಕಿತ್ಸೆಯಾಗಿ ಮೂರನೆಯ ದಿನ ಮನೆಗೆ ಬಂದಾಗ, ಔಷಧದ ಚೀಟಿಯನ್ನು ಓದಬಲ್ಲವನು ಮನೆಯಲ್ಲಿ ನಾನೊಬ್ಬನೇ ಆದುದರಿಂದ ಆರೈಕೆಯ ಭಾರ ನನ್ನ ಮೇಲೆ ಬಿದ್ದಿತು. ಆಗ ತಿಳಿದುಕೊಂಡುದನ್ನೂ ನಾನು ಮಾಡಿದ ಒಂದು ತಪ್ಪನ್ನೂ ಇಲ್ಲಿ ಹೇಳುತ್ತೇನೆ.

ಮೊದಲು ಗಾಯ ಮಾಯುವ ಬಗೆ. ಹೊಲಿದ ಅಂಚುಗಳ ನಡುವೆ ರಕ್ತ ಹೆಪ್ಪುಗಟ್ಟಿ, ಒಂದೆರಡು ದಿನಗಳಲ್ಲಿ ಮೇಲ್ಚರ್ಮದ ತೆಳುಪದರವೊಂದು ಅದನ್ನು ಮುಚ್ಚುತ್ತದೆ. ಆದ್ದರಿಂದಲೇ 48 ಗಂಟೆಗಳಾದ ಮೇಲೆ, ವೈದ್ಯರು ಬೇಡವೆನ್ನದಿದ್ದರೆ, ಮೈಮೇಲೆ ನೀರು ಹೊಯ್ದುಕೊಳ್ಳಬಹುದು; ಕೆರೆ ಬಾವಿಗಳಲ್ಲಿ ಮುಳುಗಬಾರದು. ಮೊದಲ ಮೂರು ನಾಲ್ಕು ದಿನ ಅಂಚು ತುಸು ಕೆಂಪಾಗಿ, ಬೆಚ್ಚಗಿರುವುದು ಸಹಜ. ರಕ್ತದ ಬಿಳಿಯ ಕಣಗಳು ಕಸ ಗುಡಿಸುವ ಕಾಲವದು. ಅನಂತರ ಕೊಲಾಜನ್ ಎಂಬ ನಾರಿನ ನೇಯ್ಗೆ ಮೊದಲಾಗಿ, ವಾರಗಟ್ಟಲೆ ನಡೆದು, ತಿಂಗಳುಗಟ್ಟಲೆ ಬಿಗಿಗೊಳ್ಳುತ್ತದೆ. ಎಷ್ಟು ಕಾಲವಾದರೂ ಮಾಯ್ದ ಚರ್ಮಕ್ಕೆ ಮೊದಲಿನ ಬಲದ ನೂರಕ್ಕೆ ಸುಮಾರು 80 ಪಾಲಿಗಿಂತ ಹೆಚ್ಚು ಮರಳುವುದಿಲ್ಲ. ಹೊಲಿಗೆ ಬಿಚ್ಚಿದರೆಂದರೆ ಗಾಯ ಗಟ್ಟಿಯಾಯಿತೆಂದು ಅರ್ಥವಲ್ಲ.

ಮುಟ್ಟುವ ಮುನ್ನ ಸೋಪು ಹಚ್ಚಿ ಕೈ ತೊಳೆಯಬೇಕು. ಇಷ್ಟು ಸಣ್ಣ ಮಾತಿಗಾಗಿ 1847ರಲ್ಲಿ ವಿಯೆನ್ನಾದ ಸೆಮ್ಮೆಲ್‌ವೈಸ್ ಎಂಬ ವೈದ್ಯನು ಹೋರಾಡಬೇಕಾಯಿತು. ಹೆರಿಗೆಯ ವಾರ್ಡಿಗೆ ಬರುವ ವೈದ್ಯರು ಕ್ಲೋರಿನ್ ಬೆರೆತ ನೀರಿನಲ್ಲಿ ಕೈ ತೊಳೆಯುವಂತೆ ಮಾಡಿದೊಡನೆ ಬಾಣಂತಿಯರ ಸಾವು ಬಹುವಾಗಿ ಇಳಿಯಿತು. ಆದರೂ ಹಿರಿಯರನೇಕರು ಒಪ್ಪಲಿಲ್ಲ. ನಮ್ಮ ಮನೆಯಲ್ಲಿಯೂ ಒಪ್ಪಿಗೆ ಸುಲಭವಾಗಿ ದೊರೆಯಲಿಲ್ಲವೆನ್ನಿ. ನೆರೆಯವರು ತಂದ ಅರಿಸಿನ, ಕಾಫಿಪುಡಿಗಳನ್ನು ಬಾಗಿಲಲ್ಲಿಯೇ ತಡೆದುದಕ್ಕೆ “ಓದಿದವನ ಜಂಬ” ಎಂಬ ಬಿರುದು ಬಂದಿತು.

ಆ ಜಂಬವೇ ತಪ್ಪನ್ನೂ ಮಾಡಿಸಿತು. ನೀರು ತಾಗದಿರಲೆಂದು ನಾನು ಪಟ್ಟಿಯ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ ಬಿಗಿದೆ. ಸ್ನಾನವಾದ ಮೇಲೂ ಬಿಚ್ಚಲಿಲ್ಲ. ಬೇಸಗೆಯ ಬೆವರು ಒಳಗೇ ನಿಂತಿತು. ಆರನೆಯ ದಿನ ನೋಡಿದರೆ ಪಟ್ಟಿ ತೊಯ್ದಿದೆ, ಕೆಂಪು ಹರಡಿದೆ, ಒಂದು ಹೊಲಿಗೆಯ ಬಳಿ ಮಬ್ಬಾದ ನೀರು ಒಸರುತ್ತಿದೆ. ಅಜ್ಜಿ ನೋಡಿದೊಡನೆಯೇ, “ನಾನು ಬಡ್ಕೊಂಡೆ, ಮೊಟ್ಟೆ ನಂಜು ಅಂತ. ತಿನ್ನಿಸ್ದೆಯಲ್ಲೊ ನನ್ ಮಗಂಗೆ!” ಎಂದು ಅತ್ತಳು.

ನಂಜಿನ ಈ ಭಯ ನಮ್ಮ ಕಡೆಯ ಮನೆಮನೆಯಲ್ಲಿಯೂ ಉಂಟು. ಗಾಯವಾದವನಿಗೆ ಮೊಟ್ಟೆ, ಮೀನು, ಬದನೆಕಾಯಿ ಬೇಡವೆಂದು ಗಂಜಿಯನ್ನೇ ಕುಡಿಸುತ್ತಾರೆ. ಕೀವಾಗುವುದು ರೋಗಾಣುಗಳಿಂದ, ಮೊಟ್ಟೆಯಿಂದಲ್ಲ. ನಾರು ನೇಯಲು ಪ್ರೋಟೀನು ಬೇಕು. ಸಿ ಜೀವಸತ್ವವೂ ಬೇಕು. ಇತಿಹಾಸದಲ್ಲಿ ಇದಕ್ಕೊಂದು ವಿಚಿತ್ರ ಸಾಕ್ಷ್ಯವಿದೆ. ಆನ್ಸನ್ ಎಂಬ ಆಂಗ್ಲ ನೌಕಾಧಿಪತಿಯು 1740ರಲ್ಲಿ ಹೊರಟ ಯಾತ್ರೆಯಲ್ಲಿ ನಾವಿಕರಿಗೆ ಸ್ಕರ್ವಿ ರೋಗ ತಗಲಿತು. 1690ರ ಬಾಯ್ನ್ ಕಾಳಗದಲ್ಲಿ ಗಾಯಗೊಂಡಿದ್ದ ಮುದುಕನೊಬ್ಬನಿಗೆ, ಐವತ್ತು ವರ್ಷಗಳ ಹಿಂದೆ ಮಾಯ್ದಿದ್ದ ಆ ಗಾಯವೇ ಮತ್ತೆ ಬಾಯ್ದೆರೆಯಿತೆಂದು ಯಾತ್ರೆಯ ವೃತ್ತಾಂತದಲ್ಲಿ ಬರೆದಿದೆ. ಸಿ ಜೀವಸತ್ವವಿಲ್ಲದೆ ಹಳೆಯ ನಾರೂ ಉಳಿಯದು. ನೆಲ್ಲಿಕಾಯಿ, ನಿಂಬೆ, ಸೀಬೆ ನಮ್ಮಲ್ಲಿ ದುರ್ಲಭವೇನಲ್ಲ.

ಆದರೆ ಅಂದು ಅಜ್ಜಿಯ ಮುಂದೆ ಆನ್ಸನನ ಹೆಸರೆತ್ತುವ ಧೈರ್ಯ ನನಗಿರಲಿಲ್ಲ. ಆಟೋದಲ್ಲಿ ಆಸ್ಪತ್ರೆಗೆ ಓಡಿದೆವು. ವೈದ್ಯರು ಒಂದು ಹೊಲಿಗೆ ಬಿಚ್ಚಿ ನೀರು ತೆಗೆದು, ದಿನವೂ ಒಣಪಟ್ಟಿ ಬದಲಿಸಲು ಹೇಳಿದರು. ಪ್ಲಾಸ್ಟಿಕ್ಕಿನ ಸಂಗತಿ ಕೇಳಿ ನನ್ನತ್ತ ನೋಡಿದರು, ಬಯ್ಯಲಿಲ್ಲ. ಹರಡುವ ಕೆಂಪು, ಹೆಚ್ಚುವ ನೋವು, ಕೀವು, ದುರ್ವಾಸನೆ, ಜ್ವರ, ಬಿರಿಯುವ ಅಂಚು, ಇವುಗಳಲ್ಲಿ ಯಾವುದು ಕಂಡರೂ ಮನೆಮದ್ದಿಗೆ ಕಾಯದೆ ಹೀಗೆಯೇ ಹೊರಡಬೇಕು. ಮಧುಮೇಹವಿದ್ದವರೂ ಬೀಡಿ ಸೇದುವವರೂ ಇನ್ನಷ್ಟು ಎಚ್ಚರದಿಂದಿರಬೇಕು. ಅವರ ಗಾಯ ತಡವಾಗಿ ಮಾಯುತ್ತದೆ.

ಉಳಿದ ಹೊಲಿಗೆಗಳನ್ನು ಹತ್ತನೆಯ ದಿನ ಬಿಚ್ಚಿದರು. ಮರುದಿನವೇ ತಂದೆಯವರು ಟವೆಲನ್ನು ಹೆಗಲಿಗೆ ಹಾಕಿ ಮಂಡಿಗೆ ಹೊರಟರು. ಅಲ್ಲಿ ಅವರು ಹೊರುವುದು 50 ಕಿಲೋ ಮೂಟೆ. ಆರು ವಾರ ಭಾರವೆತ್ತಕೂಡದೆಂದು ಚೀಟಿಯಲ್ಲಿತ್ತು. ಆರು ವಾರದ ಕೂಲಿ ಎಲ್ಲಿಂದ ಬರಬೇಕೆಂಬುದು ಇರಲಿಲ್ಲ. ಬಾಗಿಲಿಗೆ ಅಡ್ಡನಿಂತವಳು ಅಜ್ಜಿಯೇ. ಆ ತಿಂಗಳು ನಾನು ಬೆಳಗಿನ ಹೊತ್ತು ಅದೇ ಮಂಡಿಯಲ್ಲಿ ಲೆಕ್ಕ ಬರೆದೆ. ಮೊಟ್ಟೆ ಮತ್ತೆ ಮನೆಗೆ ಬಂದಿತು. ಬದನೆಕಾಯಿಗೆ ಮಾತ್ರ ಅಜ್ಜಿ ಇಂದಿಗೂ ಅಪ್ಪಣೆ ಕೊಟ್ಟಿಲ್ಲ.